ಬೇಲಿಗಿಡ: ನರ್ಸರಿಯಲ್ಲಿ ಗಿಡ್ಡ, ಮನೆಯಲ್ಲಿ?

ಬಾಣಸವಾಡಿಯ ಮೂವತ್ತು-ನಲವತ್ತು ಸೈಟಿನಲ್ಲಿ ಮನೆ ಎದ್ದು ನಿಂತ ಮೇಲೆ ಗೇಟಿನ ಒಳಗೆ ಉಳಿಯುವುದು ಒಂದೆರಡು ಅಡಿ ಅಗಲದ ಮಣ್ಣು. ಅದರ ಅಂಚಿಗೆ "ಗಿಡ್ಡಕ್ಕೇ ಇರೋ ಗಿಡ ಕೊಡಿ" ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವುದು ಕವರಿನಲ್ಲಿ ಮೊಳದುದ್ದ ನಿಂತ ಹಳದಿ ಡುರಾಂಟ.

ಅದು ಯಾವತ್ತೂ ಅಷ್ಟೇ ಇರುತ್ತದೆ ಎಂಬುದು ನಂಬಿಕೆ. ನಿಜದಲ್ಲಿ ಡುರಾಂಟ ಅಮೆರಿಕದ ಬಿಸಿನಾಡುಗಳ ಪೊದೆ; ಬಿಟ್ಟರೆ ಆಳೆತ್ತರ ದಾಟುತ್ತದೆ. ಅದನ್ನು ಗಿಡ್ಡವಾಗಿ ಇಟ್ಟಿರುವುದು ಕತ್ತರಿ. ಮಳೆಗಾಲದಲ್ಲಿ ಮೇಲಿಂದ ಮೇಲೆ ಸವರಲು ಪುರುಸೊತ್ತಿಲ್ಲದವರು ಈ ಗಿಡದ ತಂಟೆಗೆ ಹೋಗದಿರುವುದು ವಾಸಿ. ಸವರದೆ ಬಿಟ್ಟರೆ ನೇರಳೆ ಹೂವಾಗಿ, ಆಮೇಲೆ ಕಿತ್ತಳೆ ಬಣ್ಣದ ಹಣ್ಣಿನ ಗೊಂಚಲು ತೂಗುತ್ತದೆ. ನೋಡಲು ಚೆಂದ, ತಿಂದರೆ ವಿಷ. ಎಲೆಯ ಹೊಂಬಣ್ಣಕ್ಕೂ ಬಿಸಿಲು ಬೇಕು. ಪಕ್ಕದ ನಾಲ್ಕಂತಸ್ತಿನ ನೆರಳಲ್ಲಿ ಎಷ್ಟು ಗೊಬ್ಬರ ಸುರಿದರೂ ಎಲೆ ಹಸಿರಾಗಿಯೇ ಉಳಿಯುತ್ತದೆ.

ಸವರಿದಷ್ಟೂ ಹೂ ಎನ್ನುವವರೂ ಇದ್ದಾರೆ. ಕರಾವಳಿಯ ಕೇಪಳದ ನೆಂಟನಾದ ಇಕ್ಸೋರ ಹೂ ಬಿಡುವುದು ರೆಂಬೆಯ ತುದಿಯಲ್ಲಿ. ದಾರ ಹಿಡಿದಂತೆ ಆಗಾಗ ಕತ್ತರಿಸಿದರೆ ಬೀಳುವುದು ಮೊಗ್ಗೇ. ಮಿನಿ ತಳಿ ತಂದು, ಒಂದು ಸುತ್ತು ಹೂ ಬಾಡಿದ ಮೇಲಷ್ಟೇ ಸವರಬೇಕು. ಇದರ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ನೀರು ಸಾಲದೆಂದು ಇನ್ನಷ್ಟು ಸುರಿಯುತ್ತೇವೆ. ಆದರೆ ತಪ್ಪು ನೀರಿನದಲ್ಲ, ಮಣ್ಣಿನದು: ಇಕ್ಸೋರಕ್ಕೆ ಹುಳಿಮಣ್ಣು ಇಷ್ಟ. ಮನೆ ಕಟ್ಟುವಾಗ ಕಾಂಪೌಂಡಿನ ಬುಡದಲ್ಲಿ ಹೂತ ಸಿಮೆಂಟು, ಸುಣ್ಣ ಮಣ್ಣನ್ನು ಕ್ಷಾರವಾಗಿಸಿ ಕಬ್ಬಿಣದ ಅಂಶ ಬೇರಿಗೆ ದಕ್ಕದಂತೆ ಮಾಡುತ್ತವೆ. ಗಡಸು ಬೋರ್ ನೀರು ಅದಕ್ಕೆ ಇನ್ನಷ್ಟು ಕೂಡಿಸುತ್ತದೆ. ಒಂದೂವರೆ ಅಡಿ ಅಗೆದು, ಕಸ ಎತ್ತಿ, ಕೆಮ್ಮಣ್ಣು-ಗೊಬ್ಬರ ತುಂಬುವುದು ನೆಡುವ ಮೊದಲಿನ ಕೆಲಸ.

ಬೇಲಿಯ ಬುಡ ಬೋಳಾಗುವುದಕ್ಕೆ ಗಿಡದ ವಯಸ್ಸನ್ನು ದೂರುವುದುಂಟು. ಹೆಚ್ಚಿನ ಸಲ ತಪ್ಪು ಆಕಾರದ್ದು: ಮೇಲೆ ಅಗಲ, ಕೆಳಗೆ ಕಿರಿದು ಮಾಡಿದರೆ ಬುಡಕ್ಕೆ ಬಿಸಿಲು ಬೀಳದು. ಬುಡವೇ ತುಸು ಅಗಲವಿರಲಿ.

ಘಮಘಮಿಸುವ ಬಿಳಿ ಹೂವಿನ ಕಾಮಿನಿಯನ್ನು ನಿರಪಾಯ ಬೇಲಿ ಎನ್ನುತ್ತಾರೆ. ಆದರೆ ಅದು ನಿಂಬೆ, ಕರಿಬೇವಿನ ಕುಲದ್ದೇ. ನಿಂಬೆ ಜಾತಿಗೆ ಗ್ರೀನಿಂಗ್ ರೋಗ ಹಚ್ಚುವ ಸಿಲ್ಲಾ ಕೀಟ ಅದರ ಎಳೆ ಚಿಗುರಿನಲ್ಲಿ ಮೊಟ್ಟೆ ಇಡುತ್ತದೆ, ಪದೇಪದೇ ಸವರಿದ ಬೇಲಿಯಲ್ಲಿ ಚಿಗುರಿಗೆ ಬರವಿಲ್ಲ. ಹಿತ್ತಲಲ್ಲಿ ನಿಂಬೆ ಇದ್ದವರು ಅಂಗಳಕ್ಕೆ ಕಾಮಿನಿ ತರದಿರುವುದೇ ಸರಿ.