ಬಿಯರ್ ಘಟಕದಲ್ಲಿ ಕೆಮಿಕಲ್ ಫ್ಯಾಕ್ಟರಿಯಂಥ ವಾಲ್ವ್‌ಗಳು ಯಾಕೆ? ಹೆದರಬೇಕಾದ್ದು ಯಾವುದಕ್ಕೆ?

ಬಿಯರ್ ತಯಾರಾಗುವ ವಿಡಿಯೊ ನೋಡಿದವರಿಗೆ ಒಂದು ಅನುಮಾನ ಬರುವುದು ಸಹಜ. ಸಾಮಗ್ರಿ ಅಂತ ಹೇಳುವುದು ಬಾರ್ಲಿ, ನೀರು, ಹಾಪ್ಸ್ ಹೂವು, ಯೀಸ್ಟ್ ಮಾತ್ರ. ಕಣ್ಣಿಗೆ ಬೀಳುವುದು ಮಾತ್ರ ದೊಡ್ಡ ಸ್ಟೀಲ್ ಟ್ಯಾಂಕ್‌ಗಳು, ಪೈಪುಗಳ ಸಾಲು, ತಾನಾಗಿಯೇ ತೆರೆದು ಮುಚ್ಚುವ ವಾಲ್ವ್‌ಗಳು, ಪಕ್ಕದಲ್ಲೇ ಕಾಸ್ಟಿಕ್ ಸೋಡಾ ಡ್ರಮ್. “ಇದು ಕುಡಿಯುವ ವಸ್ತುವೋ, ಕೆಮಿಕಲ್ಲೋ?” ಎಂದು ಯಾರಾದರೂ ಬರೆದು ಗ್ರೂಪಿಗೆ ಹಾಕಿದರೆ ನಂಬುವವರು ಬೇಕಾದಷ್ಟು ಜನ.

ಚಿಕ್ಕ ಉತ್ತರ: ಬಿಯರ್ ಓಡುವ ಪೈಪಿನಲ್ಲೇ ಕಾಸ್ಟಿಕ್ ಸೋಡಾವೂ ಓಡುತ್ತದೆ ಎಂಬುದು ನಿಜ. ಅದು ಬಿಯರ್‌ಗೆ ಬೆರೆಯುತ್ತದೆ ಎಂಬುದು ನಿಜವಲ್ಲ, ಬೆರೆಯದಂತೆ ತಡೆಯಲೆಂದೇ ಆ ವಾಲ್ವ್‌ಗಳಿರುವುದು. ಆದರೆ ಅಪಾಯವೇ ಇಲ್ಲವೆಂದಲ್ಲ. ಅಪಾಯ ನಾವು ಅಂದುಕೊಂಡ ಜಾಗದಲ್ಲಿಲ್ಲ, ಅಷ್ಟೇ.

ವಾಲ್ವ್‌ನ ಮೊದಲ ಕೆಲಸ: ಹರಿವಿನ ವೇಗ ಹಿಡಿಯುವುದು

ಮನೆಯ ಕಾಫಿ ಫಿಲ್ಟರ್ ನೆನಪಿಸಿಕೊಳ್ಳಿ. ಪುಡಿಯನ್ನು ಗಟ್ಟಿಯಾಗಿ ಒತ್ತಿದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ. ತೀರಾ ಸಡಿಲವಾದರೆ ನೀರು ಸರ‍್ರನೆ ಇಳಿದು ಕಾಫಿ ತೆಳ್ಳಗಾಗುತ್ತದೆ.

ಬಿಯರ್‌ನಲ್ಲೂ ಇಂಥದ್ದೇ ಒಂದು ಹಂತವಿದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಗೆ ಮಾಲ್ಟ್ ಎನ್ನುತ್ತಾರೆ. ಅದನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ನೆನೆಸಿದರೆ ಪಿಷ್ಟವೆಲ್ಲ ಸಕ್ಕರೆಯಾಗುತ್ತದೆ. ಆಮೇಲೆ ಆ ಸಿಹಿನೀರನ್ನು ಕೆಳಗಿನಿಂದ ಬಸಿಯಬೇಕು. ಬಾರ್ಲಿಯ ಹೊಟ್ಟೇ ಇಲ್ಲಿ ಸೋಸುವ ಜರಡಿ. ವಾಲ್ವ್ ಪೂರ್ತಿ ತೆರೆದು ಬೇಗ ಎಳೆದರೆ ಹೊಟ್ಟು ಒತ್ತಿಕೊಂಡು ಹಾಸು ಕಟ್ಟಿಹೋಗುತ್ತದೆ. ಅದಕ್ಕೇ ಪೈಪಿನಲ್ಲಿ ಹರಿವಿನ ಮೀಟರ್ ಇಟ್ಟು, ಅದು ತೋರಿಸುವ ಅಂಕಿಗೆ ತಕ್ಕಂತೆ ವಾಲ್ವ್ ಸ್ವಲ್ಪಸ್ವಲ್ಪವೇ ತೆರೆಯುವ ಹಾಗೆ ಮಾಡುತ್ತಾರೆ. ಕೈಯಲ್ಲಿ ನಲ್ಲಿ ತಿರುಗಿಸುವ ಕೆಲಸವನ್ನೇ ಇಲ್ಲಿ ಯಂತ್ರ ಮಾಡುತ್ತದೆ.

ಕಾಸ್ಟಿಕ್ ಸೋಡಾ ಯಾಕೆ ಬೇಕು?

ತೊಳೆಯುವುದಕ್ಕೆ. ಟ್ಯಾಂಕ್‌ ಬಿಚ್ಚಿ ಉಜ್ಜಲು ಆಗದ ಕಡೆ, ಪೈಪಿನೊಳಗೇ ದ್ರಾವಣ ಹರಿಸಿ ತೊಳೆಯುತ್ತಾರೆ. ಸಾಮಾನ್ಯವಾಗಿ ಶೇ 1ರಿಂದ 2ರಷ್ಟು ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿನೀರು, ಬಳಿಕ ಬರೀ ನೀರು, ಅಗತ್ಯವಿದ್ದರೆ ಆಮ್ಲ, ಮತ್ತೆ ನೀರು, ಕೊನೆಗೆ ಕ್ರಿಮಿನಾಶಕ. ದಿನವೂ ಮನೆಗೆ ಬರುವ ಪ್ಯಾಕೆಟ್ ಹಾಲಿನ ಡೈರಿಗಳಲ್ಲೂ ಇದೇ ಪದ್ಧತಿ. ಹೀಗೆ ತೊಳೆಯದೆ ಬಿಟ್ಟರೆ ಪೈಪಿನ ಒಳಗೋಡೆಯಲ್ಲಿ ಬ್ಯಾಕ್ಟೀರಿಯಾ ಪೊರೆ ಕಟ್ಟಿ ಮುಂದಿನ ಸರಕನ್ನೆಲ್ಲ ಹುಳಿಯಾಗಿಸುತ್ತದೆ.

ಒಂದು ಪೈಪಿನಲ್ಲಿ ಬಿಯರ್, ಅದಕ್ಕೆ ತಾಗಿರುವ ಇನ್ನೊಂದರಲ್ಲಿ ಕಾಸ್ಟಿಕ್ ಒಟ್ಟಿಗೇ ಹರಿಯುತ್ತಿದ್ದರೆ? ನಡುವಿನ ವಾಲ್ವ್‌ನ ರಬ್ಬರ್ ಸೀಲ್ ಸವೆದರೆ ಗತಿಯೇನು? ಕುಕ್ಕರಿನ ಗ್ಯಾಸ್ಕೆಟ್ ಹಳತಾದಂತೆ ಸೀಲ್ ಕೂಡ ಒಂದಲ್ಲ ಒಂದು ದಿನ ಸವೆದೇ ಸವೆಯುತ್ತದೆ.

ಇದನ್ನು ಯೋಚಿಸಿಯೇ ಇಂಥ ಜಾಗಗಳಿಗೆ ಎರಡು ಸೀಟಿನ ವಾಲ್ವ್ ಮಾಡಿದ್ದಾರೆ. ಅದರಲ್ಲಿ ಒಂದರ ಮೇಲೊಂದು ಎರಡು ಮುಚ್ಚಳ, ನಡುವೆ ಖಾಲಿ ಜಾಗ, ಆ ಜಾಗದಿಂದ ಹೊರಗಾಳಿಗೆ ತೆರೆದ ಒಂದು ದಾರಿ. ಮೇಲಿನ ಸೀಲ್ ಸೋರಿದರೂ, ಕೆಳಗಿನದು ಸೋರಿದರೂ ದ್ರವ ಇನ್ನೊಂದು ಪೈಪಿಗೆ ನುಗ್ಗುವುದಿಲ್ಲ. ನಡುವಿನ ದಾರಿ ಹಿಡಿದು ನೆಲಕ್ಕೆ ತೊಟ್ಟಿಕ್ಕುತ್ತದೆ. ನೆಲದ ಮೇಲಿನ ಆ ಹನಿ ನೋಡಿ ಕೆಲಸಗಾರರು ಸೀಲ್ ಬದಲಿಸುತ್ತಾರೆ.

ಒಳ್ಳೆಯ ವಿನ್ಯಾಸ ಅಂದರೆ ಇದು. “ಇದು ಸೋರುವುದೇ ಇಲ್ಲ” ಎಂದು ನಂಬಿ ಕೂರದೆ, ಸೋರಿದರೆ ಎಲ್ಲಿಗೆ ಹೋಗಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕುವುದು.

ಹಾಗಾದರೆ ಯಾವ ವಾಲ್ವ್ ಆದರೂ ನಡೆಯುತ್ತದೆಯೇ?

ಇಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಧಾರಣ ಬಾಲ್ ವಾಲ್ವ್ ನೀರಿಗೆ ಸರಿ. ಅದರ ಒಳಗೆ ತೂತಿರುವ ಒಂದು ಗುಂಡು ತಿರುಗುತ್ತದೆ. ಗುಂಡಿನ ಸುತ್ತಲಿನ ಸಂದಿಯಲ್ಲಿ ಸಿಹಿನೀರು ನಿಂತುಬಿಟ್ಟರೆ ಎಷ್ಟು ತೊಳೆದರೂ ಹೋಗುವುದಿಲ್ಲ. ಹಿತ್ತಾಳೆಯ ಕೆಲವು ವಾಲ್ವ್‌ಗಳಲ್ಲಿ ಸ್ವಲ್ಪ ಸೀಸವೂ ಇರುತ್ತದೆ. ಬಿಯರ್ ಹುಳಿ ಗುಣದ್ದಾದ್ದರಿಂದ ಅದನ್ನು ಕರಗಿಸಿಕೊಳ್ಳಬಲ್ಲದು.

ಆಹಾರ ಘಟಕಗಳಲ್ಲಿ ಬಳಸುವುದು ಒಳಮೈ ನುಣುಪಾದ ಸ್ಟೇನ್‌ಲೆಸ್ ಸ್ಟೀಲ್ ವಾಲ್ವ್‌ಗಳು, ಆಹಾರಕ್ಕೆ ಒಪ್ಪುವ ರಬ್ಬರ್ ಸೀಲ್‌ಗಳು. ವಿಡಿಯೊ ನೋಡಿ ಮನೆಯಲ್ಲೇ ಬಿಯರ್ ಮಾಡಲು ಹೊರಡುವವರು ಇದನ್ನು ಗಮನಿಸಬೇಕು. ಜೊತೆಗೆ, ಕರ್ನಾಟಕದಲ್ಲಿ ಅಬಕಾರಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ ಎಂಬುದೂ ನೆನಪಿರಲಿ.

ಬ್ರೆಜಿಲ್‌ನಲ್ಲಿ ಆದದ್ದೇನು?

ಯೀಸ್ಟ್ ಸಕ್ಕರೆಯನ್ನು ತಿನ್ನುವಾಗ ಶಾಖ ಹುಟ್ಟುತ್ತದೆ. ಟ್ಯಾಂಕ್ ಬಿಸಿಯಾಗದಿರಲು ಅದರ ಹೊರಗೋಡೆಗೆ ಜಾಕೆಟ್‌ನಂತೆ ಇನ್ನೊಂದು ಪದರ ಹಾಕಿ, ಅದರೊಳಗೆ ತಣ್ಣನೆಯ ದ್ರವ ಹರಿಸುತ್ತಾರೆ. ತಾಪಮಾನ ಏರಿದರೆ ವಾಲ್ವ್ ತೆರೆಯುತ್ತದೆ, ಇಳಿದರೆ ಮುಚ್ಚುತ್ತದೆ. ಆ ದ್ರವ ಹೆಪ್ಪುಗಟ್ಟದಿರಲು ನೀರಿಗೆ ಗ್ಲೈಕಾಲ್ ಬೆರೆಸಿರುತ್ತಾರೆ.

2020ರ ಜನವರಿಯಲ್ಲಿ ಬ್ರೆಜಿಲ್‌ನ ಮಿನಾಸ್ ಜೆರಾಯಿಸ್ ರಾಜ್ಯದಲ್ಲಿ ಬೆಲೊರಿಜೊಂಟಿನಾ ಎಂಬ ಬಿಯರ್ ಕುಡಿದ ಹಲವರ ಕಿಡ್ನಿ ಕೈಕೊಟ್ಟಿತು, ನರಗಳೂ ದುರ್ಬಲವಾದವು. ಬಿಯರ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಮತ್ತು ಮೊನೊಎಥಿಲೀನ್ ಗ್ಲೈಕಾಲ್ ಎಂಬ ವಿಷಗಳು ಪತ್ತೆಯಾದವು. ಘಟಕದ ಟ್ಯಾಂಕ್ ಒಂದರಲ್ಲಿ ಸೋರಿಕೆ ಇದ್ದದ್ದು ತನಿಖೆಯಲ್ಲಿ ತಿಳಿಯಿತು. ತಂಪುಗೊಳಿಸುವ ದ್ರವ ಬಿಯರ್ ಸೇರಿತ್ತು. ಹತ್ತು ಮಂದಿ ತೀರಿಕೊಂಡರು, ಬದುಕಿದ ಕೆಲವರಿಗೆ ಬಹುಕಾಲದ ತೊಂದರೆಗಳು ಉಳಿದವು.

ಡೈಎಥಿಲೀನ್ ಗ್ಲೈಕಾಲ್ ಹೆಸರು ನಿಮಗೆ ಕೇಳಿದಂತೆ ಅನಿಸಬಹುದು. 2022ರಲ್ಲಿ ಗ್ಯಾಂಬಿಯಾ ದೇಶದಲ್ಲಿ ಮಕ್ಕಳ ಸಾವಿನ ಬಳಿಕ, ಭಾರತದಲ್ಲಿ ತಯಾರಾದ ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಇದೇ ವಿಷ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತ್ತು. ಬಣ್ಣವಿಲ್ಲ, ರುಚಿ ತುಸು ಸಿಹಿ. ಕುಡಿದವರಿಗೆ ಗೊತ್ತೇ ಆಗುವುದಿಲ್ಲ.

ಈಗ ಮತ್ತೆ ಅದೇ ಪ್ರಶ್ನೆ ಕೇಳಿ: ಸೋರಿದರೆ ಎಲ್ಲಿಗೆ ಹೋಗುತ್ತದೆ? ಜಾಕೆಟ್ ಮತ್ತು ಬಿಯರ್ ನಡುವೆ ಇರುವುದು ಒಂದೇ ಗೋಡೆ. ಎರಡು ಸೀಟಿನ ವಾಲ್ವ್‌ನಲ್ಲಿರುವಂಥ ಹೊರದಾರಿ ಇಲ್ಲಿಲ್ಲ. ವಾಲ್ವ್ ಎಷ್ಟೇ ಚೆನ್ನಾಗಿದ್ದರೂ ಗೋಡೆಯ ತೂತನ್ನು ಅದು ಮುಚ್ಚಲಾರದು. ಆದ್ದರಿಂದ ಇಲ್ಲಿ ಉಳಿಯುವ ಉಪಾಯ ಎರಡೇ. ಒಂದು, ವಿಷಕಾರಿ ದ್ರವದ ಬದಲು ಆಹಾರ ದರ್ಜೆಯ ಪ್ರೊಪಿಲೀನ್ ಗ್ಲೈಕಾಲ್ ಬಳಸುವುದು. ಎರಡು, ದ್ರವದ ಮಟ್ಟದ ಮೇಲೆ ಕಣ್ಣಿಡುವುದು. ಮುಚ್ಚಿದ ಪೈಪಿನಲ್ಲಿ ಸುತ್ತುವ ದ್ರವ ಕಾರಣವಿಲ್ಲದೆ ಕಡಿಮೆಯಾಗುತ್ತಿದ್ದರೆ ಅದು ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಕುಡಿಯುವವರಿಗಿಂತ ಕೆಲಸಗಾರರಿಗೆ ಹೆಚ್ಚು ಅಪಾಯ

1,000 ಲೀಟರ್ ಸಾಧಾರಣ ಬಿಯರ್ ಹುದುಗುವಾಗ ಸುಮಾರು 35ರಿಂದ 40 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಎಂಟಕ್ಕೆ ಹತ್ತಡಿಯ ಒಂದು ಕೋಣೆ ತುಂಬಲು ಅಷ್ಟು ಸಾಕು. ಟ್ಯಾಂಕಿನಲ್ಲಿ ಒತ್ತಡ ಮಿತಿ ಮೀರಿದರೆ ತಾನಾಗಿ ತೆರೆದುಕೊಳ್ಳುವ ವಾಲ್ವ್ ಇರುತ್ತದೆ. ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದಂತೆ. ಆದರೆ ಹೊರಬಿದ್ದ ಅನಿಲ ಎಲ್ಲಿಗೆ ಹೋಗಬೇಕು? ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ, ನೆಲಮಾಳಿಗೆಯಲ್ಲಿ ನಿಲ್ಲುತ್ತದೆ. ಸಾಮಾನ್ಯ ಗಾಳಿಯಲ್ಲಿ ಅದು ಶೇ 0.04ರಷ್ಟಿರುತ್ತದೆ. ಶೇ 4 ತಲುಪಿದರೆ ಜೀವಕ್ಕೇ ಅಪಾಯ. ಹಾಗಾಗಿ ಅನಿಲವನ್ನು ಪೈಪಿನಲ್ಲಿ ಕಟ್ಟಡದ ಹೊರಕ್ಕೆ ಒಯ್ಯಬೇಕು, ಕೋಣೆಯಲ್ಲಿ ಅಲಾರಂ ಇರಬೇಕು.

ಇನ್ನೊಂದು ಅಪಾಯ ಇದಕ್ಕೆ ಉಲ್ಟಾ. ಬಿಸಿನೀರು ಹಾಕಿ ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಬಾಟಲಿ ತಣ್ಣಗಾದಾಗ ಒಳಕ್ಕೆ ಕುಸಿಯುವುದನ್ನು ನೋಡಿರುತ್ತೀರಿ. ಸ್ಟೀಲ್ ಟ್ಯಾಂಕ್ ಕೂಡ ಹಾಗೇ ಕುಸಿಯಬಲ್ಲದು. ಬಿಯರ್ ಖಾಲಿ ಮಾಡಿದ ಟ್ಯಾಂಕಿನಲ್ಲಿ ಕಾರ್ಬನ್ ಡೈಆಕ್ಸೈಡ್ ಉಳಿದಿರುತ್ತದೆ. ಅದಕ್ಕೆ ಕಾಸ್ಟಿಕ್ ಸೋಡಾ ಚಿಮ್ಮಿಸಿದರೆ ಅದು ಅನಿಲವನ್ನು ಹೀರಿಕೊಂಡುಬಿಡುತ್ತದೆ. ಒಳಗೆ ಒತ್ತಡ ಕುಸಿಯುತ್ತದೆ, ಹೊರಗಿನ ವಾತಾವರಣ ಮಾತ್ರ ಪ್ರತಿ ಚದರ ಮೀಟರಿಗೆ ಸುಮಾರು 10 ಟನ್ ಭಾರದಂತೆ ಒತ್ತುತ್ತಿರುತ್ತದೆ. ಆಗ ಹೊರಗಿನ ಗಾಳಿಯನ್ನು ತಕ್ಷಣ ಒಳಗೆ ಬಿಡಲೆಂದೇ ಟ್ಯಾಂಕಿನ ತಲೆಯ ಮೇಲೆ ನಿರ್ವಾತ ತಡೆಯುವ ಇನ್ನೊಂದು ವಾಲ್ವ್ ಇಟ್ಟಿರುತ್ತಾರೆ. ಅದು ಅಂಟಿಕೊಂಡು ತೆರೆಯದಿದ್ದರೆ ಟ್ಯಾಂಕ್ ಅಪ್ಪಚ್ಚಿಯಾಗುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

“ಬಿಯರ್‌ನಲ್ಲಿ ಕಾಸ್ಟಿಕ್ ಸೋಡಾ ಇದೆ” ಎಂಬ ಸಂದೇಶ ಬಂದರೆ, ವಿಡಿಯೊದಲ್ಲಿ ಕಾಣುತ್ತಿರುವುದು ತೊಳೆಯುವ ಕೆಲಸವೇ ಎಂದು ಮೊದಲು ನೋಡಿ. ಡ್ರಮ್ ಅಲ್ಲಿದೆ ಎಂದ ಮಾತ್ರಕ್ಕೆ ಅದು ಬಾಟಲಿಗೆ ಹೋಗಿದೆ ಎಂದಾಗುವುದಿಲ್ಲ. ಹಾಗೆಯೇ, ನಿರ್ದಿಷ್ಟ ಬ್ಯಾಚ್ ನಂಬರ್ ಹೇಳಿ ಆಹಾರ ಸುರಕ್ಷತಾ ಇಲಾಖೆಯೋ ಅಬಕಾರಿ ಇಲಾಖೆಯೋ ಎಚ್ಚರಿಕೆ ಕೊಟ್ಟಿದ್ದರೆ ಅದನ್ನು “ಇದೂ ಸುಳ್ಳೇ” ಎಂದು ತಳ್ಳಿಹಾಕಬೇಡಿ. ಬ್ರೆಜಿಲ್‌ನಲ್ಲಿ ನಡೆದದ್ದು ನಿಜ.

ಕೊನೆಯದಾಗಿ, ವಾಲ್ವ್ ಸರಿಯಾಗಿದೆ ಎಂದರೆ ಬಿಯರ್ ಆರೋಗ್ಯಕ್ಕೆ ಒಳ್ಳೆಯದು ಎಂದಲ್ಲ. ಕ್ಯಾನ್ಸರ್‌ಗೆ ಕಾರಣವಾಗುವ ವಸ್ತುಗಳ ಮೊದಲ ಗುಂಪಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮದ್ಯವನ್ನೂ ಸೇರಿಸಿದೆ. ಯಾವ ವಾಲ್ವ್ ಹಾಕಿದರೂ ಬಿಯರ್‌ನಲ್ಲಿರುವ ಆ ಆಲ್ಕೋಹಾಲ್ ಹಾಗೇ ಇರುತ್ತದೆ.