ಮಂಡ್ಯದ ಬೆಟ್ಟಗಳಿಗೆ ಗುಂಪು ಚಾರಣ

ಮಂಡ್ಯ ಜಿಲ್ಲೆಯ ಬೆಟ್ಟಗಳು ಮಲೆನಾಡಿನಂತೆ ಸಾಲುಗಟ್ಟಿ ನಿಂತವಲ್ಲ. ಕಬ್ಬಿನ ಗದ್ದೆ, ಭತ್ತದ ಬಯಲು, ತೆಂಗಿನ ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಎದ್ದಿರುವ ಬಂಡೆಗುಡ್ಡಗಳು ಇವು. ಪಾಂಡವಪುರದ ಕುಂತಿಬೆಟ್ಟ, ಶ್ರೀರಂಗಪಟ್ಟಣದ ಕರಿಘಟ್ಟ, ಮೇಲುಕೋಟೆಯ ಯೋಗಾನರಸಿಂಹನ ಬೆಟ್ಟ, ಅದರಾಚೆಗಿನ ನಾರಾಯಣದುರ್ಗ, ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಗುಡ್ಡಗಳು ಇವುಗಳಲ್ಲಿ ಮುಖ್ಯವಾದವು. ಮಳವಳ್ಳಿ ತಾಲ್ಲೂಕಿನ ದಕ್ಷಿಣ ಅಂಚಿಗೆ ಬಂದರೆ ಮಾತ್ರ ನೆಲದ ಸ್ವರೂಪವೇ ಬದಲಾಗಿ, ಮುತ್ತತ್ತಿ, ಭೀಮೇಶ್ವರಿಗಳ ಸುತ್ತ ಕಾವೇರಿ ಕಣಿವೆಯ ಕಾಡು ಶುರುವಾಗುತ್ತದೆ.

ಬೆಂಗಳೂರು, ಮೈಸೂರು ಎರಡಕ್ಕೂ ಹತ್ತಿರವಿರುವುದರಿಂದ ವಾರಾಂತ್ಯದಲ್ಲಿ ಕಾಲೇಜು ಗೆಳೆಯರು, ಕಚೇರಿಯ ಸಹೋದ್ಯೋಗಿಗಳು, ಮಕ್ಕಳುಮರಿ ಸಮೇತ ಬಂಧುಬಳಗದವರು ಇಲ್ಲಿಗೆ ಗುಂಪಾಗಿ ಬರುತ್ತಾರೆ. ಒಂದೆರಡು ಗಂಟೆಯಲ್ಲಿ ಹತ್ತಿ ಇಳಿಯಬಹುದಾದ ಗುಡ್ಡ ಎಂಬ ಸಲುಗೆಯೇ ಅಪಾಯಕ್ಕೆ ದಾರಿಯಾಗುತ್ತದೆ. ಈ ಜಿಲ್ಲೆಯಲ್ಲಿ ಚಾರಣಿಗರನ್ನು ಕಾಡುವುದು ಎತ್ತರವಲ್ಲ. ಬಿಸಿಲು, ಬಂಡೆ ಮತ್ತು ನೀರು. ಇವುಗಳಲ್ಲಿ ನೀರಿನದೇ ದೊಡ್ಡ ಭಯ.

ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ ಅವರಿಗೆ ತಕ್ಕ ಜಾಗವನ್ನು ಆರಿಸುವುದು ಯೋಜನೆಯ ಮೊದಲ ಹೆಜ್ಜೆ. ಹಿರಿಯರು, ಸಣ್ಣ ಮಕ್ಕಳು ಇದ್ದರೆ ಮೆಟ್ಟಿಲುಗಳಿರುವ ಕರಿಘಟ್ಟ, ಮೇಲುಕೋಟೆ ಸಾಕು. ಬೆಟ್ಟವೇ ಬೇಡವೆನ್ನುವವರಿಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದೆ. ಬೇಸಿಗೆ ಮುಗಿಯುವವರೆಗೂ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ಓಣಿಗಳಲ್ಲಿ ಮೆಲ್ಲನೆ ಸುತ್ತಾಡಿ ನೋಡಬಹುದು. ಅರೆತಿಪ್ಪೂರು ಮಧ್ಯಮ ನಡಿಗೆಯ ಜಾಗ. ಗುಡ್ಡದ ಮೇಲೆ ಶ್ರವಣಬೆಳಗೊಳದ ಮೂರ್ತಿಗಿಂತ ಬಹಳ ಚಿಕ್ಕದಾದ ಬಾಹುಬಲಿ, ಸುತ್ತಮುತ್ತ ಹಳೆಯ ಬಸದಿಗಳ ಅವಶೇಷಗಳು. ಇಷ್ಟು ಹತ್ತಿರದಲ್ಲಿ ಇಂಥ ಜೈನ ನೆಲೆಯಿದ್ದರೂ ಬಹುಪಾಲು ಗುಂಪುಗಳು ಅದನ್ನು ಬಿಟ್ಟು ಹೆದ್ದಾರಿಯಲ್ಲೇ ಮುಂದೆ ಸಾಗುವುದು ಬೇಸರದ ಸಂಗತಿ. ಕೈಕಾಲು ಗಟ್ಟಿಯಿರುವ ಗುಂಪಿಗೆ ಕುಂತಿಬೆಟ್ಟ ತಕ್ಕುದು.

ಎರಡನೆಯದು ಕಾಲ. ಮಾರ್ಚ್‌ನಿಂದ ಮೇ ತನಕ ಬೆಳಿಗ್ಗೆ ಹತ್ತರ ಹೊತ್ತಿಗೇ ಬಂಡೆ ಕಾದು ಕೆಳಗಿನಿಂದಲೂ ಝಳ ಹೊಡೆಯುತ್ತದೆ. ನೆರಳೇ ಇಲ್ಲದ ಈ ಗುಡ್ಡಗಳಲ್ಲಿ ಬೇಸಿಗೆಯ ಚಾರಣವೆಂದರೆ ಬೆಳಕು ಹರಿಯುವಾಗ ಹತ್ತಿ, ಒಂಬತ್ತರೊಳಗೆ ಇಳಿದುಬಿಡುವುದು. ಏಪ್ರಿಲ್, ಮೇ ಮತ್ತು ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಸಂಜೆಗಳಲ್ಲಿ ಗುಡುಗು ಮಳೆ ದಿಢೀರನೆ ಬರುತ್ತದೆ. ಬೋಳುಬಂಡೆಯ ನೆತ್ತಿಯಲ್ಲಿ ನಿಂತವರಿಗೆ ಸಿಡಿಲಿನಿಂದ ಮರೆಯಿಲ್ಲ. ನವೆಂಬರ್‌ನಿಂದ ಫೆಬ್ರುವರಿವರೆಗಿನ ದಿನಗಳು ಹಿತವಾದವು, ಆದರೆ ಆಗ ಹಗಲು ಚಿಕ್ಕದು. ಡಿಸೆಂಬರ್‌ನಲ್ಲಿ ಸಂಜೆ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಆದ್ದರಿಂದ ಹೊರಡುವ ಸಮಯದ ಜೊತೆಗೆ ಹಿಂದಿರುಗುವ ಸಮಯವನ್ನೂ ಮೊದಲೇ ಗೊತ್ತುಮಾಡಬೇಕು. ಆ ಹೊತ್ತಾದರೆ ತುದಿ ಮುಟ್ಟಿರಲಿ, ಬಿಡಲಿ, ಗುಂಪು ಇಳಿಯಲು ತೊಡಗಬೇಕು.

ಮೂರನೆಯದು ಅನುಮತಿ. 2024ರ ಜನವರಿಯಲ್ಲಿ ಪಶ್ಚಿಮ ಘಟ್ಟದ ಕುಮಾರಪರ್ವತದಲ್ಲಿ ಜನಜಂಗುಳಿ ಮಿತಿಮೀರಿದ ಬಳಿಕ ಅರಣ್ಯ ಇಲಾಖೆ ರಾಜ್ಯದ ಚಾರಣ ಪಥಗಳಿಗೆ ಆನ್‌ಲೈನ್ ಟಿಕೆಟ್ ವ್ಯವಸ್ಥೆಯನ್ನು ಬಿಗಿಗೊಳಿಸಿತು. ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣ ಬಂತು. ಹೋಗಬೇಕಾದ ಜಾಗ ಅದರ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಬೇಕು. ಮುತ್ತತ್ತಿ, ಭೀಮೇಶ್ವರಿ ಕಾವೇರಿ ವನ್ಯಜೀವಿಧಾಮದ ಭಾಗ. ಮೇಲುಕೋಟೆಯ ಸುತ್ತಲ ಕುರುಚಲು ಕಾಡು ತೋಳಗಳ ರಕ್ಷಣೆಗೆಂದು 1974ರಲ್ಲಿ ಘೋಷಿಸಿದ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಕಡೆ ಅನುಮತಿಯಿಲ್ಲದೆ ಕಾಡು ಹೊಕ್ಕರೆ ಅಪರಾಧ. ಜಾಲತಾಣದಲ್ಲಿ ಹೆಸರಿಲ್ಲದ ಜಾಗಕ್ಕೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲೇ ವಿಚಾರಿಸುವುದು ಸರಿ. ಭೀಮೇಶ್ವರಿಯಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರವಿದ್ದು, ಅಲ್ಲಿನ ಮಾರ್ಗದರ್ಶಕರ ಜೊತೆ ನಡೆಯುವುದು ಮೊದಲ ಬಾರಿ ಕಾಡು ಕಾಣುವವರಿಗೆ ಎಲ್ಲಕ್ಕಿಂತ ಒಳ್ಳೆಯ ಏರ್ಪಾಡು.

ಗುಂಪು ಹತ್ತು ಹನ್ನೆರಡು ಮಂದಿಯನ್ನು ಮೀರಿದರೆ ಎರಡು ಮಾಡಿಕೊಳ್ಳುವುದು ಮೇಲು. ದಾರಿ ಬಲ್ಲವರೊಬ್ಬರು ಮುಂದೆ, ಅನುಭವಸ್ಥರು ಇನ್ನೊಬ್ಬರು ಕಟ್ಟಕಡೆಗೆ, ಮಕ್ಕಳು ನಡುವೆ. ಕೊನೆಯವರನ್ನು ದಾಟಿ ಯಾರೂ ಹಿಂದುಳಿಯಬಾರದು. ಪ್ರತಿ ನಿಲುಗಡೆಯಲ್ಲೂ ತಲೆ ಎಣಿಸಬೇಕು. ಆಸ್ತಮಾ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಮುಂದಾಳಿಗೆ ಮುಂಚೆಯೇ ತಿಳಿಸಿ ಔಷಧಿಯನ್ನು ತಮ್ಮ ಚೀಲದಲ್ಲೇ ಇಟ್ಟುಕೊಳ್ಳಬೇಕು. ಎಲ್ಲಿಗೆ ಪಯಣ, ಯಾರ್‍ಯಾರು ಇದ್ದಾರೆ, ಎಷ್ಟು ಹೊತ್ತಿಗೆ ವಾಪಸ್ಸು ಎಂಬುದು ಮನೆಯಲ್ಲಿರುವ ಒಬ್ಬರಿಗಾದರೂ ಗೊತ್ತಿರಬೇಕು.

ತಲೆಗೆ ಎರಡರಿಂದ ಮೂರು ಲೀಟರ್ ನೀರು, ಓಆರ್‌ಎಸ್ ಪೊಟ್ಟಣ, ಟೋಪಿ, ಟಾರ್ಚ್, ಸೀಟಿ, ಬ್ಯಾಂಡೇಜ್, ಒಂದು ಗಟ್ಟಿ ಹಗ್ಗ: ಇಷ್ಟು ಇರಲೇಬೇಕು. ಬುತ್ತಿಗೆ ಚಿತ್ರಾನ್ನ, ಚಪಾತಿ, ಬಾಳೆಹಣ್ಣು ಸಾಕು. ಮಂಡ್ಯದ ಬೆಲ್ಲದೊಂದಿಗೆ ಹುರಿದ ಕಡಲೆಬೀಜ ತಿಂದರೆ ಸೋತ ಕಾಲಿಗೆ ಬೇಗ ಕಸುವು ಬರುತ್ತದೆ. ಮದ್ದೂರು ವಡೆ ಕೆಡದೆ ಉಳಿಯುತ್ತದೆ ನಿಜ, ಆದರೆ ಕರಿದ ತಿಂಡಿ ದಾಹ ಹೆಚ್ಚಿಸುತ್ತದೆ. ಅದನ್ನು ಇಳಿದ ಮೇಲಿನ ಕಾಫಿಗೆ ಇಟ್ಟುಕೊಂಡರೆ ರುಚಿಯೂ ಹೆಚ್ಚು. ಮದ್ಯ ಮಾತ್ರ ಕೂಡದು. ಬಂಡೆ, ನೀರು ಎರಡರ ಬಳಿಯೂ ಅದು ಜೀವಕ್ಕೇ ಕುತ್ತು.

ಕುಂತಿಬೆಟ್ಟದಂಥ ಗುಡ್ಡಗಳಲ್ಲಿ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಒಣಬಂಡೆಯ ಮೇಲೆ ಉದುರಿದ ನೊರಜುಗಲ್ಲು ಕಾಲಡಿ ಉರುಳುತ್ತದೆ. ಅಟ್ಟೆ ಸವೆದ ಷೂ, ಹವಾಯಿ ಚಪ್ಪಲಿಗಳಿಗೆ ಅಲ್ಲಿ ಹಿಡಿತ ಸಿಗದು. ಬಂಡೆಯ ಮೈಮೇಲೆ ಮೇಲಿನಿಂದ ಕೆಳಗಿಳಿದ ಕಪ್ಪು ಪಟ್ಟೆಗಳು ಮಳೆನೀರು ಹರಿಯುವ ಜಾಡು. ಒಣಗಿದ್ದಾಗ ನಿರುಪದ್ರವಿಯಾದ ಅಲ್ಲಿನ ಪಾಚಿ, ನಾಲ್ಕು ಹನಿ ಬಿದ್ದೊಡನೆ ಎಣ್ಣೆ ಸವರಿದಂತೆ ಜಾರುತ್ತದೆ. ಮಳೆ ಬಂದರೆ ಆ ಪಟ್ಟೆಗಳನ್ನು ತುಳಿಯದೆ, ಅಗತ್ಯ ಬಿದ್ದಲ್ಲಿ ಕೂತುಕೊಂಡೇ ಇಳಿಯಬೇಕು. ಸೆಲ್ಫಿಗಾಗಿ ಬಂಡೆಯಂಚಿಗೆ ಹೋಗುವವರನ್ನು ತಡೆಯುವುದು ಮುಂದಾಳಿನ ಕರ್ತವ್ಯ.

ಬಂಡೆಯ ಸಂದುಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಹೊಗೆ, ಕಲ್ಲೇಟು, ಗಲಾಟೆ, ಗಾಢವಾದ ಸುಗಂಧ ಅವನ್ನು ಕೆರಳಿಸುತ್ತವೆ. ಎದ್ದರೆ ಕೈ ಬೀಸದೆ, ಮುಖ ತಲೆ ಮುಚ್ಚಿಕೊಂಡು, ಬೀಳದಂತೆ ನೋಡಿಕೊಂಡು ಆದಷ್ಟು ದೂರ ಸರಿಯಬೇಕು. ಕಬ್ಬಿನ ಗದ್ದೆಗಳು ಈಗ ಚಿರತೆಗಳಿಗೂ ನೆಲೆ. ಬೆಟ್ಟದ ಬುಡದ ಗದ್ದೆಬದುವಿನಲ್ಲಿ ಮಬ್ಬುಗತ್ತಲಲ್ಲಿ ಮಕ್ಕಳು ಒಂಟಿಯಾಗಿ ಓಡಾಡಕೂಡದು. ಮುತ್ತತ್ತಿ ಕಡೆಯ ಕಾಡಿನಲ್ಲಿ ಆನೆಗಳಿವೆ. ಬೇಸಿಗೆಯಲ್ಲಿ ಅವು ನೀರಿಗಾಗಿ ಹೊಳೆಗೆ ಬರುತ್ತವೆ. ಹಸಿ ಲದ್ದಿ ಕಂಡರೆ ಅಥವಾ ಕೊಂಬೆ ಮುರಿಯುವ ಸದ್ದು ಕೇಳಿದರೆ ಮುಂದಕ್ಕೆ ಹೋಗದೆ ಸದ್ದಿಲ್ಲದೆ ಬಂದ ದಾರಿಯಲ್ಲೇ ಹಿಂದಿರುಗಬೇಕು.

ನಡೆದು ಬೆವರಿದವರಿಗೆ ಕಾವೇರಿಯನ್ನು ಕಂಡೊಡನೆ ಇಳಿಯುವ ಆಸೆಯಾಗುವುದು ಸಹಜ. ಮುತ್ತತ್ತಿಯಲ್ಲಿ ಆಂಜನೇಯನ ದರ್ಶನಕ್ಕೆ ಬಂದ ಭಕ್ತರೂ ಪ್ರವಾಸಿಗರೂ ಮುಳುಗಿ ಸತ್ತ ಪ್ರಕರಣಗಳು ಮತ್ತೆ ಮತ್ತೆ ನಡೆದಿವೆ. ಮೇಲೆ ಶಾಂತವಾಗಿ ಕಾಣುವ ನೀರಿನಡಿ ಬಂಡೆಗಳ ನಡುವೆ ಆಳವಾದ ಮಡುಗಳಿವೆ, ಸುಳಿಗಳಿವೆ, ಮೊಸಳೆಗಳೂ ಇವೆ. ಮೇಲ್ಭಾಗದ ಕೃಷ್ಣರಾಜಸಾಗರದಿಂದ ನೀರು ಬಿಟ್ಟರೆ, ಇಲ್ಲಿ ಒಂದು ಹನಿ ಮಳೆಯಿಲ್ಲದಿದ್ದರೂ ಹೊಳೆ ಏರುತ್ತದೆ. ನಡುಬಂಡೆಯ ಮೇಲೆ ಕೂತವರಿಗೆ ದಡ ಕೈತಪ್ಪುತ್ತದೆ. ಮನೆಮಂದಿ ಒಟ್ಟೊಟ್ಟಿಗೆ ಸಾಯುವುದು ಬಹುತೇಕ ಒಬ್ಬರನ್ನು ಉಳಿಸಲು ಇನ್ನೊಬ್ಬರು ಧುಮುಕುವುದರಿಂದ. ಯಾರಾದರೂ ಮುಳುಗುತ್ತಿದ್ದರೆ ದಡದಲ್ಲೇ ನಿಂತು ಹಗ್ಗ, ಪಂಚೆ, ಸೀರೆ, ಉದ್ದನೆಯ ಕೋಲು ಚಾಚಬೇಕು. ಗಗನಚುಕ್ಕಿ ಜಲಪಾತವನ್ನು ವೀಕ್ಷಣಾ ಸ್ಥಳದಿಂದ ಕಣ್ತುಂಬ ನೋಡಬೇಕೇ ಹೊರತು ಅದರ ಬಂಡೆಗಳಿಗೆ ಇಳಿಯುವ ಸಾಹಸ ಸಲ್ಲದು. ಕುಂತಿಬೆಟ್ಟದ ಬಳಿಯ ತೊಣ್ಣೂರು ಕೆರೆಗೂ ಇದೇ ಎಚ್ಚರ ಬೇಕು.

ಅವಘಡವಾದರೆ 112 ಅಥವಾ 108ಕ್ಕೆ ಕರೆ ಮಾಡಬೇಕು. ಕಾಡಿನ ಭಾಗದಲ್ಲಿ ಮೊಬೈಲ್ ಸಿಗ್ನಲ್ ಸಿಗದೆಯೂ ಹೋಗಬಹುದು. ಆಗ ಗಾಯಾಳುವಿನ ಜೊತೆ ಒಬ್ಬರು ಉಳಿದು, ಇಬ್ಬರು ರಸ್ತೆಗೆ ಬರಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಔಷಧಿಯಲ್ಲಿ ಹೊತ್ತು ಕಳೆಯುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗಾಡದಂತೆ ಗಾಯಾಳುವನ್ನು ಹೊತ್ತುಕೊಂಡು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಧಾವಿಸಬೇಕು. ಮದ್ದೂರು, ಮಳವಳ್ಳಿ, ಪಾಂಡವಪುರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ದೊಡ್ಡ ಚಿಕಿತ್ಸೆಗೆ ಮಂಡ್ಯದ ಮಿಮ್ಸ್ (ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ) ಆಸ್ಪತ್ರೆ ಇದೆ. ಗೊತ್ತುಮಾಡಿದ ಬೆಟ್ಟದಿಂದ ಇವುಗಳಲ್ಲಿ ಯಾವುದು ಹತ್ತಿರ, ಅಲ್ಲಿಗೆ ಯಾವ ದಾರಿ ಎಂಬುದನ್ನು ಗುಂಪಿನ ಪ್ರತಿಯೊಬ್ಬರೂ ಹೊರಡುವ ಹಿಂದಿನ ದಿನವೇ ಬರೆದಿಟ್ಟುಕೊಳ್ಳಲಿ.