ಕೃಪಾವರ: ಒಡೆತನವಲ್ಲ, ಹೊಣೆ

ಕ್ರಿಸ್ತಶಕ 50ರ ದಶಕದಲ್ಲಿ ಅಪೊಸ್ತಲ ಪೌಲನು ಎಫೆಸದಿಂದ ಕೊರಿಂಥದ ಸಭೆಗೆ ಪತ್ರ ಬರೆದಾಗ, ಆ ಸಭೆಯಲ್ಲಿ ವರಗಳಿಗೆ ಕೊರತೆಯಿರಲಿಲ್ಲ; ಅವುಗಳನ್ನು ಬಳಸುವ ವಿವೇಕಕ್ಕೆ ಕೊರತೆಯಿತ್ತು. ಆರಾಧನೆಯಲ್ಲಿ ವಾಣಿಗಳನ್ನಾಡುವವರಿದ್ದರು, ಆದರೆ ಅರ್ಥ ಬಿಡಿಸಿ ಹೇಳುವವರಿಲ್ಲದಿದ್ದಾಗ ಪಕ್ಕದಲ್ಲಿ ಕುಳಿತವನಿಗೆ ಏನೂ ದಕ್ಕುತ್ತಿರಲಿಲ್ಲ.

ವರಕ್ಕೆ ಪೌಲನು ಬಳಸಿದ ಗ್ರೀಕ್ ಪದ ‘ಖರಿಸ್ಮ’. ಅದು ಕೃಪೆ ಎಂಬರ್ಥದ ‘ಖರಿಸ್’ ಶಬ್ದಕ್ಕೆ ಸಂಬಂಧಿಸಿದ್ದು. ಆದುದರಿಂದ ವರವು ಭಕ್ತನ ಸಾಧನೆಗೆ ಸಂದ ಬಹುಮಾನವಲ್ಲ. ಕಾನೂನಿನ ಪರಿಭಾಷೆಯಲ್ಲಿ ಹೇಳುವುದಾದರೆ, ವರ ಪಡೆದವನು ನ್ಯಾಸಧಾರಿ: ಸ್ವತ್ತು ಅವನ ವಶದಲ್ಲಿದೆ, ಫಲ ಇತರರಿಗೆ ಸಲ್ಲತಕ್ಕದ್ದು. ಪೇತ್ರನ ಮೊದಲನೆಯ ಪತ್ರವೂ ವರ ಹೊಂದಿದವರನ್ನು ಮನೆವಾರ್ತೆಯವರಿಗೆ ಹೋಲಿಸುತ್ತದೆ.

ಕೊರಿಂಥದವರಿಗೆ ಬರೆದ ಈ ಪತ್ರದ 12ನೆಯ ಅಧ್ಯಾಯವು ಜ್ಞಾನವಾಕ್ಯ, ನಂಬಿಕೆ, ಸ್ವಸ್ಥತೆ, ಪ್ರವಾದನೆ ಮೊದಲಾದ ಒಂಬತ್ತು ವರಗಳನ್ನು ಎಣಿಸುತ್ತದೆ. 14ನೆಯದು ಅವುಗಳ ಬಳಕೆಗೆ ಕ್ರಮ ವಿಧಿಸುತ್ತದೆ. ನಡುವಿನ 13ನೆಯದು ಪ್ರೀತಿಯ ಅಧ್ಯಾಯ. ಈ ಜೋಡಣೆಯೇ ಒಂದು ಬೋಧನೆ. ಪೌಲನು ವಾಣಿಗಳನ್ನು ನಿಷೇಧಿಸಲಿಲ್ಲ. ಇಬ್ಬರು, ಹೆಚ್ಚೆಂದರೆ ಮೂವರು, ಒಬ್ಬರಾದ ಮೇಲೊಬ್ಬರು ಮಾತಾಡಲಿ. ಅರ್ಥ ಹೇಳುವವನಿಲ್ಲದಿದ್ದರೆ ಸಭೆಯಲ್ಲಿ ಮೌನವಾಗಿರಲಿ ಎಂದು ಕಟ್ಟಳೆ ಮಾಡಿದನು. ಕೇಳುವವನ ಭಕ್ತಿವೃದ್ಧಿಯೇ ಅಲ್ಲಿನ ಒರೆಗಲ್ಲು.

ಈ ಒರೆಗಲ್ಲಿಗೆ ಕನ್ನಡಿಗರ ಕಣ್ಣೆದುರೇ ಒಂದು ನಿದರ್ಶನವಿದೆ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಫರ್ಡಿನಂಡ್ ಕಿಟೆಲ್ ಅವರು 1862ರಲ್ಲಿ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ಯಾಗಿ ಕನ್ನಡದ ಛಂದಸ್ಸಿಗೆ ಇಳಿಸಿದರು, 1894ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು. ಅದು ವಾಣಿಗಳ ವರವಲ್ಲ, ದಶಕಗಳ ಕಲಿಕೆಯ ಬೆವರು. ಆದರೂ ಆ ಸಾಮರ್ಥ್ಯದ ಫಲವು ಸಭೆಯ ಗೋಡೆಯನ್ನು ದಾಟಿ ಸಮಸ್ತ ಕನ್ನಡಿಗರಿಗೆ ಸಂದಿತು.

‘ನನ್ನ ವರ ಯಾವುದು?’ ಎಂದು ತನ್ನೊಳಗನ್ನೇ ಕೆದಕುವ ವಿಶ್ವಾಸಿಯು ‘ನನ್ನ ನೆರೆಯವನಿಗೆ ಏನು ಬೇಕಾಗಿದೆ?’ ಎಂದು ಕೇಳಿಕೊಳ್ಳುವುದು ಲೇಸು. ಗಡಿನಾಡಿನ ಸಭೆಗಳಲ್ಲಿ ಆ ಅಗತ್ಯವು ದೂರದಲ್ಲಿಲ್ಲ. ಶಾಲೆಯಲ್ಲಿ ಬೇರೆ ಭಾಷೆ ಕಲಿತ ಮೊಮ್ಮಗನಿಗೆ ಅಜ್ಜಿಯ ಕನ್ನಡ ಬೈಬಲ್ ಓದಲು ಬಾರದು. ಪ್ರಸಂಗದ ಭಾಷೆ ಅಜ್ಜಿಗೆ ತಿಳಿಯದು. ಅವರಿಬ್ಬರ ನಡುವೆ ಕುಳಿತು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಅರ್ಥಮಾಡಿಸುವವರಿಗೆ ವೇದಿಕೆಯೂ ಇಲ್ಲ, ಹಾರವೂ ಇಲ್ಲ. ಪೌಲನ ಅಳತೆಗೋಲಿನಲ್ಲಿ ಮಾತ್ರ ಆ ಸೇವೆ ಕಿರಿದಲ್ಲ.